ಹೊಲದಲ್ಲೇ ಮಣ್ಣು ಪರೀಕ್ಷೆ

ಬೆಳೆಗೆ ದಕ್ಕುವ ರೂಪದಲ್ಲಿ ಮಣ್ಣಿನಲ್ಲಿರುವ ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಲಘು ಪೋಷಕಾಂಶಗಳನ್ನು ಹೊಲದ ಬದುವಿನಲ್ಲೋ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಬೇಗನೆ ಅಳೆಯುವ ವಿಧಾನಗಳಿಗೆ ಒಟ್ಟಾಗಿ 'ಹೊಲದಲ್ಲೇ ಮಣ್ಣು ಪರೀಕ್ಷೆ' ಎಂದು ಹೆಸರು. ಬಣ್ಣ ಹೋಲಿಸಿ ನೋಡುವ ಕಿಟ್, ಪೆಟ್ಟಿಗೆಯಂಥ ಕಿರು ಪ್ರಯೋಗಾಲಯ, ಬೆಳಕು ಹಾಯಿಸಿ ಓದುವ ಉಪಕರಣ ಎಲ್ಲವೂ ಇದರಲ್ಲಿ ಸೇರುತ್ತವೆ.

ಮಣ್ಣು ಗುರುತಿಸುವ ವಿದ್ಯೆ ರೈತರಿಗೆ ಹೊಸದಲ್ಲ. ಎರೆ, ಮಸಾರಿ, ಗರಸು, ಸವಳು ಎಂಬ ವಿಂಗಡಣೆಯಲ್ಲೇ ಬಣ್ಣ, ನೀರು ಹಿಡಿಯುವ ಗುಣ, ಉಪ್ಪಿನಂಶ ಅಡಕವಾಗಿವೆ. ರಂಜಕ ಎಷ್ಟಿದೆ, ಸತು ಎಷ್ಟಿದೆ ಎಂಬುದು ಮಾತ್ರ ಕಣ್ಣಿಗಾಗಲಿ ಕೈಗಾಗಲಿ ಸಿಕ್ಕುವಂಥದ್ದಲ್ಲ. ಜರ್ಮನಿಯ ಲೀಬಿಗ್ 1840ರಲ್ಲಿ ಕೃಷಿ ರಸಾಯನಶಾಸ್ತ್ರದ ಗ್ರಂಥ ಪ್ರಕಟಿಸಿದ ಮೇಲೆ ಈ ಪ್ರಶ್ನೆ ಪ್ರಯೋಗಾಲಯಕ್ಕೆ ಹೋಯಿತು. ಮೈಸೂರು ಸಂಸ್ಥಾನದಲ್ಲಿ 1899ರಲ್ಲಿ ರಾಜಮಾತೆ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಪ್ರಯೋಗ ಕ್ಷೇತ್ರ ಆರಂಭಿಸಿದರು. ಬೆಳೆ ಮತ್ತು ಮಣ್ಣಿನ ಸಾರದ ಸಂಬಂಧ ಅಭ್ಯಸಿಸಲು ಅಲ್ಲಿಗೆ ಬಂದವರು ಲೇಮನ್ ಎಂಬ ವಿಜ್ಞಾನಿ.

ಪರೀಕ್ಷೆ ಮತ್ತೆ ಹೊಲದತ್ತ ತಿರುಗಿದ್ದು 1930ರ ದಶಕದ ಅಮೆರಿಕದಲ್ಲಿ. ಕನೆಕ್ಟಿಕಟ್‌ನ ಮಾರ್ಗನ್, ಮಿಷಿಗನ್‌ನ ಸ್ಪರ್‌ವೇ ಮೊದಲಾದವರು ದುರ್ಬಲ ಆಮ್ಲದ್ರಾವಣದಿಂದ ಪೋಷಕಾಂಶ ಸೆಳೆದು, ಹನಿ ಹನಿ ರಾಸಾಯನಿಕ ಬೆರೆಸಿ, ಬಣ್ಣ ನೋಡಿ ಅಂದಾಜಿಸುವ ಕ್ರಮ ರೂಪಿಸಿದರು. ಮಾಲಿಬ್ಡೇಟ್ ಮತ್ತು ಅಪಕರ್ಷಕ ಬೆರೆತಾಗ ರಂಜಕವಿರುವ ದ್ರಾವಣ ನೀಲಿಯಾಗುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ರಂಜಕಕ್ಕೆ ಇಂದಿನ ಬಹುತೇಕ ಕಿಟ್‌ಗಳು ನಂಬಿರುವುದು ಇದೇ ನೀಲಿಯನ್ನು.

ಬಣ್ಣಕ್ಕಿಂತ ಹೆಚ್ಚು ತೊಡಕಿನದು ಸೆಳೆಯುವ ದ್ರಾವಣ. 1945ರಲ್ಲಿ ಬ್ರೇ ಮತ್ತು ಕರ್ಟ್ಜ್ ಕೊಟ್ಟ ದ್ರಾವಣ ಹುಳಿ ಮಣ್ಣಿಗೆ ಹೊಂದುತ್ತದೆ. 1954ರಲ್ಲಿ ಓಲ್ಸೆನ್ ತಂಡ ಕೊಟ್ಟ ಬೈಕಾರ್ಬನೇಟ್ ದ್ರಾವಣ ಸಮ ಮತ್ತು ಕ್ಷಾರ ಮಣ್ಣಿಗೆ. ಮಲೆನಾಡಿನ ತೋಟದ ಮಣ್ಣಿಗೆ ಒಂದು, ದಾವಣಗೆರೆ ಸೀಮೆಯ ಎರೆಗೆ ಇನ್ನೊಂದು ಬೇಕು. ಒಂದೇ ಸೀಸೆ ಹಿಡಿದು ಎರಡೂ ಕಡೆ ಓಡಾಡಿದರೆ ನೀಲಿ ಬಣ್ಣವೇನೋ ಬಂದೀತು, ಆದರೆ ಅದು ಹೇಳುವ ಅಂಕಿ ನಂಬುವಂಥದ್ದಲ್ಲ.

ಭಾರತದಲ್ಲಿ ವ್ಯವಸ್ಥಿತ ಮಣ್ಣು ಪರೀಕ್ಷೆ 1955-56ರಲ್ಲಿ ಅಮೆರಿಕದೊಂದಿಗಿನ ಒಪ್ಪಂದದಡಿ ತೆರೆದ ಪ್ರಯೋಗಾಲಯಗಳಿಂದ ಮೊದಲಾಯಿತು. ಸುಬ್ಬಯ್ಯ ಮತ್ತು ಅಸೀಜಾ ಅವರ ಸಾರಜನಕ ವಿಧಾನ 1956ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು, ಇಂದಿಗೂ ಬಳಕೆಯಲ್ಲಿದೆ. ಸಿಕ್ಕ ಅಂಕಿಯನ್ನು ಗೊಬ್ಬರದ ಪ್ರಮಾಣವಾಗಿಸುವ ಲೆಕ್ಕ 1967ರ ಸುಮಾರಿಗೆ ರಾಮಮೂರ್ತಿ ಮತ್ತು ಸಂಗಡಿಗರ 'ಇಳುವರಿ ಗುರಿ' ಸಮೀಕರಣಗಳಿಂದ ದೊರೆಯಿತು. ಇಷ್ಟು ಇಳುವರಿ ಬೇಕೆಂದರೆ, ಈ ಮಣ್ಣಿಗೆ ಇಷ್ಟು ಗೊಬ್ಬರ. ಇದಿಲ್ಲದೆ ಯಾವ ಯಂತ್ರದ ಅಂಕಿಯಿಂದಲೂ ರೈತರಿಗೆ ಪ್ರಯೋಜನವಿಲ್ಲ.

ದಾವಣಗೆರೆ, ಹರಿಹರದ ಭದ್ರಾ ಅಚ್ಚುಕಟ್ಟಿನಲ್ಲಿ ಫಲಿತಾಂಶ ಬೇಗ ಬೇಕಾಗುವುದಕ್ಕೆ ಊರಿನದೇ ಕಾರಣವಿದೆ. ನೀರು ಸಿಕ್ಕ ವರ್ಷ ಎರಡು ಭತ್ತ. ಬೇಸಿಗೆ ಬೆಳೆ ಕೊಯ್ದು ಮಳೆಗಾಲದ ನಾಟಿಗೆ ಕೆಸರು ಮಾಡುವ ನಡುವೆ ಸಿಗುವುದು ಕೆಲವೇ ವಾರ. ಮಾದರಿ ಕೊಟ್ಟು ಚೀಟಿ ಬರುವಷ್ಟರಲ್ಲಿ ಮೂಲಗೊಬ್ಬರ ಗದ್ದೆಗೆ ಬಿದ್ದಿದ್ದರೆ ಆ ಚೀಟಿ ಆ ಹಂಗಾಮಿನ ಮಟ್ಟಿಗೆ ವ್ಯರ್ಥ. ನೀರಾವರಿಯಿಲ್ಲದ ಮೆಕ್ಕೆಜೋಳದ ಹೊಲಕ್ಕೆ ಆತುರ ಬೇರೆ ಬಗೆಯದು: ಹದ ಮಳೆ ಬಿದ್ದರೆ ಬಿತ್ತನೆ ಯಾರ ವರದಿಗೂ ಕಾಯುವುದಿಲ್ಲ.

2000ದಲ್ಲಿ ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳು ಬಂದಾಗ ಪ್ರಾಥಮಿಕ ಮಣ್ಣು, ಬೀಜ ಪರೀಕ್ಷೆಯೂ ಅವುಗಳ ಕೆಲಸದ ಪಟ್ಟಿಯಲ್ಲಿತ್ತು. ಆದರೆ ಕಣ್ಣು ತೆರೆಸಿದ್ದು 2009ರಲ್ಲಿ ಶುರುವಾದ 'ಭೂಚೇತನ'. ರಾಜ್ಯ ಸರ್ಕಾರ ಮತ್ತು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೂಡಿ ದಾವಣಗೆರೆಯ ನೆರೆಯ ಚಿತ್ರದುರ್ಗ, ಹಾವೇರಿ ಸೇರಿ ಆರು ಜಿಲ್ಲೆಗಳಲ್ಲಿ ಆರಂಭಿಸಿ, ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿದ ಯೋಜನೆ ಇದು. 90 ಸಾವಿರಕ್ಕೂ ಹೆಚ್ಚು ಮಾದರಿಗಳ ಪರೀಕ್ಷೆಯಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತು. ಯೂರಿಯಾ, ಡಿಎಪಿ ಚೀಲಗಳಲ್ಲಿ ಸಿಗದ ಪೋಷಕಾಂಶಗಳೇ ಕಡಿಮೆಯಿದ್ದವು.

2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಚಾಲನೆ ಪಡೆದ ಮಣ್ಣು ಆರೋಗ್ಯ ಚೀಟಿ ಯೋಜನೆ 12 ಅಂಶಗಳನ್ನು ನಿಗದಿ ಮಾಡಿತು. ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ಆರು ಎಕರೆ ಗದ್ದೆಗೆ ಮೂರು ನಾಲ್ಕು ಯಜಮಾನರಿರುವ ಕಡೆ ಎಲ್ಲರ ಚೀಟಿಯಲ್ಲೂ ಒಂದೇ ಅಂಕಿ ಬಂದರೆ ರೈತರು ನಗುವುದು ಸಹಜವೇ. ತನ್ನ ಹೊಲದ್ದೇ ಅಂಕಿ ಬೇಕೆಂಬ ಒತ್ತಾಯ ಸಣ್ಣ ಉಪಕರಣಗಳಿಗೆ ದಾರಿ ಮಾಡಿತು.

ಭೋಪಾಲ್‌ನ ಭಾರತೀಯ ಮಣ್ಣು ವಿಜ್ಞಾನ ಸಂಸ್ಥೆಯ 'ಮೃದಾ ಪರೀಕ್ಷಕ್' ದೇಶದ ಕೃಷಿ ವಿಜ್ಞಾನ ಕೇಂದ್ರಗಳಿಗೆ ಹಂಚಿಕೆಯಾಯಿತು. ದೆಹಲಿಯ ಪೂಸಾ ಸಂಸ್ಥೆಯೂ ತನ್ನದೇ ಮೀಟರ್ ತಂದಿತು. ಉಡುಪಿ ಮೂಲದ 'ಕೃಷಿತಂತ್ರ' ಸಂಸ್ಥೆ ಪರೀಕ್ಷೆಯನ್ನು ಸ್ವಯಂಚಾಲಿತಗೊಳಿಸಿ 'ಕೃಷಿ-ರಾಸ್ತಾ' ಎಂಬ ಯಂತ್ರ ರೂಪಿಸಿತು. ಕಾನ್ಪುರ ಐಐಟಿ 2021ರಲ್ಲಿ ಪ್ರಕಟಿಸಿದ 'ಭೂ ಪರೀಕ್ಷಕ್' ರಾಸಾಯನಿಕವನ್ನೇ ಕೈಬಿಟ್ಟಿತು: 5 ಗ್ರಾಂ ಒಣ ಮಣ್ಣಿನ ಮೇಲೆ ಅವಕೆಂಪು ಬೆಳಕು ಹಾಯಿಸಿ 90 ಸೆಕೆಂಡುಗಳಲ್ಲಿ ಮೊಬೈಲಿಗೆ ಫಲಿತಾಂಶ.

ಇಲ್ಲಿ ಗಮನಿಸಬೇಕಾದ ಪದ 'ಒಣ'. ಮಣ್ಣು ಆ ಸ್ಥಿತಿಗೆ ಬರುವ ಮುನ್ನ ಸಾಲು ತಪ್ಪಿಸಿ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ಅರ್ಧ ಅಡಿ ಆಳಕ್ಕೆ ಗುಂಡಿ ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆಯ ಜಾಗ ಬಿಡಬೇಕು. ಗುಂಡಿಯ ಪಕ್ಕದಿಂದ ಕೆತ್ತಿದ ಮಣ್ಣನ್ನೆಲ್ಲ ಕೂಡಿಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲು ತೆಗೆಯುತ್ತ ಅರ್ಧ ಕೆ.ಜಿ.ಗೆ ಇಳಿಸಬೇಕು. ಆಮೇಲೆ ನೆರಳಲ್ಲಿ ಒಣಗಿಸಿ ಜರಡಿ ಹಿಡಿಯಬೇಕು. ಭತ್ತದ ಗದ್ದೆಯ ಎರೆಮಣ್ಣು ಒಣಗಲು ದಿನಗಳೇ ಬೇಕು. ಯಂತ್ರ ಎಷ್ಟು ಬೇಗ ಓದಿದರೂ ಈ ಕೆಲಸ ತಪ್ಪದು. ತಿಪ್ಪೆ ಪಕ್ಕದ ಒಂದು ಹಿಡಿ ಮಣ್ಣು ಸೇರಿದರೆ ಎಂಥ ಉಪಕರಣವೂ ಸೋಲುತ್ತದೆ.

ಉಪಕರಣಗಳ ಮಿತಿಯೂ ಒಂದೇ ಬಗೆಯದಲ್ಲ. ಹಲವು ಕಿಟ್‌ಗಳು ಸಾರಜನಕವನ್ನು ನೇರ ಅಳೆಯದೆ ಸಾವಯವ ಇಂಗಾಲದಿಂದ ಊಹಿಸುತ್ತವೆ. ಬೆಳಕಿನ ಯಂತ್ರ ಯಾವ ಸೀಮೆಯ ಮಣ್ಣಿನಿಂದ ಕಲಿತಿದೆಯೋ ಆ ಸೀಮೆಯಲ್ಲೇ ಚೆನ್ನಾಗಿ ಓದುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಮಣ್ಣಿಗೆ ಚುಚ್ಚುವ ಎನ್‌ಪಿಕೆ ಸಲಾಕೆಗಳಲ್ಲಿ ಹೆಚ್ಚಿನವು ನಿಜಕ್ಕೂ ಅಳೆಯುವುದು ವಿದ್ಯುತ್ ವಾಹಕತೆಯನ್ನು. ಉಳಿದದ್ದು ಸೂತ್ರದ ಲೆಕ್ಕ. ಸವಳು ಗದ್ದೆಗೆ ಚುಚ್ಚಿದರೆ ಉಪ್ಪನ್ನೇ ಗೊಬ್ಬರವೆಂದು ತೋರಿಸೀತು. ಸತುವಿನ ಕೊರತೆಯ ಗಡಿ ಕಿಲೋ ಮಣ್ಣಿಗೆ ಸುಮಾರು 0.6 ಮಿಲಿಗ್ರಾಂ. ಅಷ್ಟು ಸೂಕ್ಷ್ಮಕ್ಕೆ ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ಎರಡು ಗಂಟೆ ಕುಲುಕಿ ಪ್ರಯೋಗಾಲಯದಲ್ಲಿ ಅಳೆಯುವುದೇ ಭದ್ರವಾದ ದಾರಿ.

ಭತ್ತದ ಸಾರಜನಕಕ್ಕೆ ಮಾತ್ರ ಮಣ್ಣನ್ನು ಬಿಟ್ಟು ಎಲೆಯನ್ನೇ ನೋಡುವ ಸುಲಭ ಉಪಾಯವೊಂದಿದೆ. ಜಪಾನಿನಲ್ಲಿ ಹುಟ್ಟಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಮೂಲಕ ಏಷ್ಯಾದಲ್ಲಿ ಹರಡಿದ ಎಲೆ ಬಣ್ಣದ ಪಟ್ಟಿ ಅದು. ನಾಟಿಯಾದ ಎರಡು ವಾರದ ನಂತರ ಹೂ ಬರುವವರೆಗೆ ವಾರ ಹತ್ತು ದಿನಕ್ಕೊಮ್ಮೆ ಹತ್ತು ಪೈರುಗಳ ಪೂರ್ತಿ ಬಿಚ್ಚಿದ ಎಲೆಯನ್ನು ಪಟ್ಟಿಯ ಹಸಿರಿಗೆ ಹಿಡಿಯುತ್ತಾರೆ. ಹೆಚ್ಚಿನವು ತಳಿಗೆ ನಿಗದಿಯಾದ ಹಸಿರಿಗಿಂತ ಪೇಲವವಾಗಿದ್ದರೆ ಯೂರಿಯಾ ಮೇಲುಗೊಬ್ಬರ. ಇಲ್ಲವಾದರೆ ಚೀಲ ಬಿಚ್ಚುವಂತಿಲ್ಲ. ಬಿಸಿಲಲ್ಲಿ ಹಸಿರು ಬೇರೆಯಾಗಿ ಕಾಣುವುದರಿಂದ ನೋಡುವವರು ಸೂರ್ಯನಿಗೆ ಬೆನ್ನು ಹಾಕಿ ತಮ್ಮ ಮೈನೆರಳಲ್ಲಿ ಎಲೆ ಹಿಡಿಯಬೇಕು.