ಸ್ಕಾಲಾ–ಜಾವಾ ಬೆರೆತ ಕೋಡ್‌ನಲ್ಲಿ ಅಮೂರ್ತ ಸಂಗ್ರಹಗಳು

ಸ್ಕಾಲಾದಲ್ಲಿ ‘ಲಿಸ್ಟ್’ ಎಂದು ಬರೆದು ಆವರಣದೊಳಗೆ ಮೂರು ಸಂಖ್ಯೆ ಕೊಟ್ಟರೆ ಪಟ್ಟಿ ಸಿದ್ಧ. ಅದೇ ಕಡತದಲ್ಲಿ ಜಾವಾ ಯುಟಿಲ್ ಪ್ಯಾಕೇಜಿನ ಲಿಸ್ಟ್‌ಗೆ ‘ನ್ಯೂ’ ಹಚ್ಚಿದರೆ ಕಂಪೈಲರ್ ತಡೆಯುತ್ತದೆ: ಇದು ಅಮೂರ್ತ, ಇದರಿಂದ ಆಬ್ಜೆಕ್ಟ್ ಹುಟ್ಟದು. ಎರಡೂ ಭಾಷೆಗಳು ಒಂದೇ ಜಾವಾ ವರ್ಚುವಲ್ ಮಷೀನಿನ ಮೇಲೆ ಓಡುತ್ತವೆ, ಒಂದರ ಕ್ಲಾಸನ್ನು ಇನ್ನೊಂದು ನೇರವಾಗಿ ಬಳಸಬಲ್ಲದು. ಆದರೂ ಸಂಗ್ರಹಗಳ ವಿಷಯದಲ್ಲಿ ಎರಡರ ದಾರಿ ಬೇರೆ.

ಜಾವಾದ ಸಂಗ್ರಹ ಚೌಕಟ್ಟು 1998ರಲ್ಲಿ ಜೆಡಿಕೆ 1.2ರೊಂದಿಗೆ ಬಂತು. ಅಲ್ಲಿ ಲಿಸ್ಟ್, ಸೆಟ್, ಮ್ಯಾಪ್ ಬರೀ ಇಂಟರ್‌ಫೇಸ್‌ಗಳು. ಕೆಲಸ ಮಾಡುವವು ಅರೇಲಿಸ್ಟ್, ಹ್ಯಾಶ್‌ಸೆಟ್, ಹ್ಯಾಶ್‌ಮ್ಯಾಪ್‌ನಂಥ ಕ್ಲಾಸ್‌ಗಳು. ಯಾವುದು ಬೇಕೆಂದು ಬರೆಯುವವರೇ ಆರಿಸಬೇಕು.

ಮಾರ್ಟಿನ್ ಓಡರ್ಸ್ಕಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ 2001ರಲ್ಲಿ ವಿನ್ಯಾಸ ಆರಂಭಿಸಿದ ಸ್ಕಾಲಾದಲ್ಲೂ ಲಿಸ್ಟ್ ಅಮೂರ್ತ ಕ್ಲಾಸೇ. ಆದರೆ ಅದೇ ಹೆಸರಿನ ಒಡನಾಡಿ ಆಬ್ಜೆಕ್ಟ್ ಒಂದಿದೆ. ಆವರಣ ಕಂಡೊಡನೆ ಕಂಪೈಲರ್ ಅದರ ‘ಅಪ್ಲೈ’ ಮೆಥಡ್ಡನ್ನು ಕರೆಯುತ್ತದೆ, ಆಯ್ಕೆ ಅಲ್ಲಿ ನಡೆಯುತ್ತದೆ. ಮ್ಯಾಪ್‌ನಲ್ಲಿ ಇದು ಸೊಗಸಾಗಿ ಕಾಣುತ್ತದೆ: ನಾಲ್ಕು ಜೋಡಿಗಳವರೆಗೆ ಪ್ರತಿ ಗಾತ್ರಕ್ಕೂ ಪ್ರತ್ಯೇಕ ಪುಟ್ಟ ಕ್ಲಾಸ್, ಐದನೆಯದು ಸೇರಿದಾಗ ಹ್ಯಾಶ್‌ಮ್ಯಾಪ್. ಬಳಸುವವರಿಗೆ ಇದಾವುದರ ಗೊಡವೆಯಿಲ್ಲ.

ಜಾವಾದ ಮೆಥಡ್ ಲಿಸ್ಟ್ ಕೇಳಿದಾಗ ಸ್ಕಾಲಾದಿಂದ ಏನು ಕೊಡಬೇಕು? ಹೊಸ ಅರೇಲಿಸ್ಟ್ ಕೊಡುವುದು ನೇರ ದಾರಿ. ಅಬ್‌ಸ್ಟ್ರಾಕ್ಟ್‌ಲಿಸ್ಟ್‌ಗೆ ‘ನ್ಯೂ’ ಹಚ್ಚಿ, ಮುಂದೆ ಪುಷ್ಪಾವರಣ ತೆರೆದು ‘ಗೆಟ್’, ‘ಸೈಜ್’ ಎರಡನ್ನೇ ಬರೆದರೂ ಆಗುತ್ತದೆ. ಆಗ ಹುಟ್ಟುವುದು ಹೆಸರಿಲ್ಲದ ಉಪಕ್ಲಾಸಿನ ಆಬ್ಜೆಕ್ಟ್, ಓದಲಷ್ಟೇ ಬರುತ್ತದೆ. ಮೂರನೆಯದು ‘ಆಸ್‌ಜಾವಾ’ ಪರಿವರ್ತನೆ. ಇದು ಅಂಶಗಳನ್ನು ನಕಲು ಮಾಡುವುದಿಲ್ಲ, ಸ್ಕಾಲಾ ಸಂಗ್ರಹಕ್ಕೆ ಜಾವಾದ ಹೊದಿಕೆ ತೊಡಿಸುತ್ತದೆ. ಅಪಾಯವಿರುವುದೂ ಇಲ್ಲೇ. ಬದಲಾಗದ ಲಿಸ್ಟನ್ನು ಹೀಗೆ ಕೊಟ್ಟು, ಜಾವಾ ಕೋಡ್ ಅದಕ್ಕೆ ‘ಆಡ್’ ಮಾಡಹೊರಟರೆ ಕಂಪೈಲರ್ ಸುಮ್ಮನಿರುತ್ತದೆ. ಓಡುವಾಗ ‘ಅನ್‌ಸಪೋರ್ಟೆಡ್‌ಆಪರೇಷನ್‌ಎಕ್ಸೆಪ್ಷನ್’ ಸಿಡಿಯುತ್ತದೆ. ಪಟ್ಟಿಗೆ ಅಂಶ ಸೇರಿಸುವ ಜಾವಾ ಲೈಬ್ರರಿಗೆ ಅರೇಲಿಸ್ಟೇ ಸರಿ.

ಹಿಂದೆ ‘ಜಾವಾಕನ್ವರ್ಷನ್ಸ್’ ಈ ಹೊದಿಕೆಯನ್ನು ಸದ್ದಿಲ್ಲದೆ ತೊಡಿಸುತ್ತಿತ್ತು. ಕೋಡ್ ಓದುವವರಿಗೆ ಪರಿವರ್ತನೆ ಎಲ್ಲಾಯಿತೆಂದೇ ತಿಳಿಯುತ್ತಿರಲಿಲ್ಲ. 2019ರ ಸ್ಕಾಲಾ 2.13 ಅದನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಈಗ ‘ಕಲೆಕ್ಷನ್‌ಕನ್ವರ್ಟರ್ಸ್’ ಆಮದು ಮಾಡಿಕೊಂಡು ‘ಆಸ್‌ಜಾವಾ’, ‘ಆಸ್‌ಸ್ಕಾಲಾ’ ಎಂದು ಬಾಯಿಬಿಟ್ಟೇ ಹೇಳಬೇಕು.

ಜಾವಾ ಕಡೆಯಿಂದ ಬರುವವರಿಗೆ ಕಷ್ಟ ಹೆಚ್ಚು. ‘ಅಪ್ಲೈ’ಗೆ ಸ್ಕಾಲಾದಲ್ಲಿ ಎಷ್ಟಾದರೂ ಅಂಶಗಳನ್ನು ಸಾಲಾಗಿ ಕೊಡಬಹುದು, ಜಾವಾಕ್ಕೆ ಅದೇ ಮೆಥಡ್ ಸ್ಕಾಲಾದ ‘ಸೀಕ್’ ಒಂದನ್ನು ಕೇಳುವಂತೆ ಕಾಣುತ್ತದೆ. ಅಂದರೆ ಸ್ಕಾಲಾ ಸಂಗ್ರಹ ಕಟ್ಟಲು ಮೊದಲೇ ಒಂದು ಸ್ಕಾಲಾ ಸಂಗ್ರಹ ಕೈಯಲ್ಲಿರಬೇಕು! ಇದಕ್ಕೆಂದೇ 2.13ರಲ್ಲಿ ‘ಜಾವಾಎಪಿಐ’ ಪ್ಯಾಕೇಜ್ ಸೇರಿತು: ಅರೇಲಿಸ್ಟನ್ನು ಅದರ ‘ಆಸ್‌ಸ್ಕಾಲಾ’ಕ್ಕೆ ಕೊಟ್ಟರೆ ಬಫರ್ ಸಿಗುತ್ತದೆ, ಬಫರ್ ಮೇಲೆ ‘ಟುಲಿಸ್ಟ್’ ಕರೆದರೆ ಬದಲಾಗದ ಲಿಸ್ಟ್.