ಬ್ರೆಜಿಲ್ ಸೇರಿದ ಗೂಳಿಗಳು, ಕುದಾಪುರದ ಕಾವಲು

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಬಳಿ ಇರುವ ಕುದಾಪುರದ ಹೆಸರು ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣದ ವಿಳಾಸವಾಗಿ ಪ್ರಸಿದ್ಧ. ಅದಕ್ಕೂ ಮೊದಲು ಈ ಊರಿನ ಹೆಸರು ಕಂದಾಯ ದಾಖಲೆಗಳಲ್ಲಿ ಬೇರೊಂದು ಕಾರಣಕ್ಕೆ ಸೇರಿತ್ತು. ಅದು ಕುದಾಪುರ ಅಮೃತಮಹಲ್ ಕಾವಲು. ಮೈಸೂರು ಅರಸರ ದನಗಳು ಮೇಯಲೆಂದು ಮೀಸಲಿಟ್ಟ ಹುಲ್ಲುಗಾವಲು. ಈ ಕಾವಲಿನ ಕಥೆಯನ್ನು ಸರಿಯಾಗಿ ತಿಳಿಯಬೇಕಾದರೆ ಹದಿನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿರುವ ದಕ್ಷಿಣ ಅಮೆರಿಕದ ಒಂದು ಊರನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು.

ಆ ಊರು ಬ್ರೆಜಿಲ್ ದೇಶದ ಮಿನಾಸ್ ಜೆರೈಸ್ ಪ್ರಾಂತ್ಯದ ಉಬೆರಾಬ. ಅಲ್ಲಿ ಪ್ರತಿ ವರ್ಷ ನಡೆಯುವ ಜಾನುವಾರು ಜಾತ್ರೆಗೆ ಹೋದವರಿಗೆ ತಾವು ಎಲ್ಲಿದ್ದೇವೆಂಬ ಅನುಮಾನ ಬರಬಹುದು. ಕಣ್ಣಿಗೆ ಬೀಳುವುದೆಲ್ಲ ಇಣವಿರುವ, ಜೋಲುವ ಗಂಗೆದೊಗಲಿನ ನಮ್ಮ ನಾಡಿನ ದನಗಳು. ಹೆಸರುಗಳೂ ಪರಿಚಿತವೇ. ಆಂಧ್ರದ ಒಂಗೋಲು ತಳಿ ಅಲ್ಲಿ ‘ನೆಲೋರ್’. ಒಂಗೋಲು ಪಟ್ಟಣ ಆಗ ನೆಲ್ಲೂರು ಜಿಲ್ಲೆಗೆ ಸೇರಿದ್ದರಿಂದ ಆ ಹೆಸರು ಬಂತು. ಕಾಂಕ್ರೇಜ್ ತಳಿ ‘ಗುಜೆರಾ’. ಕಾಠಿಯಾವಾಡದ ಗಿರ್ ಮಾತ್ರ ತನ್ನ ಹೆಸರನ್ನು ಹಾಗೆಯೇ ಉಳಿಸಿಕೊಂಡಿದೆ. ವಲಸೆ ಹೋದವರ ಹೆಸರನ್ನು ಸ್ಥಳೀಯರು ತಮ್ಮ ನಾಲಿಗೆಗೆ ಒಗ್ಗಿಸಿಕೊಳ್ಳುವುದು ಮನುಷ್ಯರ ವಿಷಯದಲ್ಲೂ ನಡೆಯುವುದೇ.

ಮನುಷ್ಯರು ಹೋದದ್ದೂ ಅದೇ ಶತಮಾನದಲ್ಲಿ. 1838ರ ಮೇ 5ರಂದು ‘ವಿಟ್ಬಿ’ ಮತ್ತು ‘ಹೆಸ್ಪರಸ್’ ಹಡಗುಗಳು ಭಾರತದ ಕರಾರು ಕೂಲಿಗಳನ್ನು ಬ್ರಿಟಿಷ್ ಗಯಾನಕ್ಕೆ ಇಳಿಸಿದವು. 1873ರಲ್ಲಿ ‘ಲಾಲಾ ರೂಖ್’ ಹಡಗು ಸುರಿನಾಮಿಗೆ ಹೋಯಿತು. ಕಬ್ಬಿನ ತೋಟದಲ್ಲಿ ಬೆವರು ಸುರಿಸಿದ ಆ ಜನರ ಇತಿಹಾಸ ಈಚೆಗೆ ಸಾಕಷ್ಟು ಬರೆಯಲ್ಪಟ್ಟಿದೆ. ದನಗಳ ವಲಸೆ ಮಾತ್ರ ಪಶುವೈದ್ಯರ ವಲಯದಾಚೆ ಅಷ್ಟಾಗಿ ಬಂದಿಲ್ಲ.

ಬ್ರೆಜಿಲ್‌ನಲ್ಲಿ ಮೊದಲಿದ್ದವು ಪೋರ್ಚುಗೀಸರು ತಂದ ಯುರೋಪಿನ ದನಗಳು. ಉಷ್ಣವಲಯದ ಬಿಸಿಲು, ಉಣ್ಣೆ, ಒಣ ಹುಲ್ಲು ಇವುಗಳ ನಡುವೆ ಅವು ಸೊರಗಿದವು. 1868ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗೊಂದು ಸಾಲ್ವಡೋರ್ ಬಂದರಿನಲ್ಲಿ ತಂಗಿದಾಗ ಅದರಲ್ಲಿದ್ದ ಒಂಗೋಲು ಜೋಡಿಯೊಂದು ಅಲ್ಲೇ ಮಾರಾಟವಾಯಿತೆಂದು ಅಲ್ಲಿನ ತಳಿಗಾರರು ಹೇಳುತ್ತಾರೆ. ಹತ್ತು ವರ್ಷಗಳ ನಂತರ, 1878ರಲ್ಲಿ, ರಿಯೊ ಪ್ರಾಂತ್ಯದ ಲೆಂಗ್ರೂಬರ್ ಎಂಬ ಜಮೀನ್ದಾರ ಹ್ಯಾಂಬರ್ಗಿನ ಪ್ರಾಣಿಸಂಗ್ರಹಾಲಯದಲ್ಲಿ ಒಂಗೋಲು ದನ ಕಂಡು ಬೆರಗಾಗಿ ಕೊಂಡೊಯ್ದ. 1893ರಲ್ಲಿ ತೆಯೊಫಿಲೊ ದೆ ಗೊದಾಯ್ ಎಂಬಾತ ದನ ಕೊಳ್ಳಲೆಂದೇ ಭಾರತಕ್ಕೆ ಬಂದ. ಆಮೇಲೆ ಮಿನಾಸ್ ಪ್ರಾಂತ್ಯದ ದನದ ವ್ಯಾಪಾರಿಗಳಿಗೆ ಭಾರತ ಯಾತ್ರೆಯೇ ಒಂದು ಹುಚ್ಚಾಯಿತು. ಪೋರ್ಚುಗೀಸ್ ಬಿಟ್ಟರೆ ಬೇರೆ ಭಾಷೆ ಬಾರದವರೂ ನಮ್ಮ ಹಳ್ಳಿಗಳನ್ನು ಸುತ್ತಿ ಗೂಳಿ ಆರಿಸಿದರು.

ಈ ವ್ಯಾಪಾರ ಜಗತ್ತಿಗೆ ಒಂದು ದೊಡ್ಡ ಪೆಟ್ಟನ್ನೂ ಕೊಟ್ಟಿತು. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟ ದನಗಳನ್ನು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಿಕೊಂಡಾಗ ಅವುಗಳೊಡನೆ ದೊಡ್ಡರೋಗವೂ ಇಳಿಯಿತು. ಅಂಥ ಪಿಡುಗನ್ನು ಮರೆತಿದ್ದ ಪಶ್ಚಿಮ ಯುರೋಪಿನಲ್ಲಿ ಹಾಹಾಕಾರವೆದ್ದಿತು. ಇದರ ಫಲವಾಗಿ 28 ದೇಶಗಳು ಸೇರಿ 1924ರ ಜನವರಿ 25ರಂದು ಪ್ಯಾರಿಸ್‌ನಲ್ಲಿ ಪಶುರೋಗಗಳ ಅಂತರರಾಷ್ಟ್ರೀಯ ಕಚೇರಿಯನ್ನು ಸ್ಥಾಪಿಸಿದವು. ಜಗತ್ತಿನ ಪಶು ಆರೋಗ್ಯವನ್ನು ಇಂದಿಗೂ ನೋಡಿಕೊಳ್ಳುವ ಸಂಸ್ಥೆ ಹುಟ್ಟಿದ್ದು ಬ್ರೆಜಿಲ್ ದಾರಿ ಹಿಡಿದ ನಮ್ಮ ದನಗಳಿಂದ ಎಂಬುದು ಸ್ವಾರಸ್ಯದ ಸಂಗತಿ. ದೊಡ್ಡರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾದದ್ದು 2011ರಲ್ಲಿ.

ರೋಗದ ಭಯದಿಂದ ಬ್ರೆಜಿಲ್ ಸರ್ಕಾರ ಆಮದಿಗೆ ತಡೆ ಹಾಕಿತು. 1930ರಲ್ಲಿ ಒಮ್ಮೆ, 1960ರ ದಶಕದ ಆರಂಭದಲ್ಲಿ ಮತ್ತೊಮ್ಮೆ ಬಾಗಿಲು ತೆರೆಯಿತು. ಕೊನೆಯ ಸಲ ಹೋದ ರಾಸುಗಳನ್ನು ಅಟ್ಲಾಂಟಿಕ್ ಸಾಗರದ ನಡುವಿನ ಫರ್ನಾಂಡೊ ದೆ ನೊರೊನ್ಹಾ ದ್ವೀಪದಲ್ಲಿ ತಿಂಗಳುಗಟ್ಟಲೆ ಪ್ರತ್ಯೇಕವಾಗಿಟ್ಟು, ಬಳಿಕ ಒಳನಾಡಿಗೆ ಬಿಟ್ಟರು. ಅವುಗಳಲ್ಲಿ ‘ಕರವದಿ’ ಎಂಬ ಗೂಳಿ ಅಲ್ಲಿ ಮನೆಮಾತು. ಒಂಗೋಲು ಸಮೀಪದ ಕರವದಿ ಗ್ರಾಮದ ಹೆಸರನ್ನೇ ಹೊತ್ತು ಹೋದ ಆ ಗೂಳಿಯ ಸಂತತಿ ಇಂದು ದೇಶದ ಉದ್ದಗಲಕ್ಕೂ ಹರಡಿದೆ.

ಹೀಗೆ ಒಟ್ಟಾರೆ ಭಾರತದಿಂದ ಹೋದ ರಾಸುಗಳು ಸುಮಾರು ಆರೇಳು ಸಾವಿರ ಮಾತ್ರ. ಈಗ ಬ್ರೆಜಿಲ್‌ನಲ್ಲಿರುವ ದನಗಳ ಸಂಖ್ಯೆ 20 ಕೋಟಿಗೂ ಹೆಚ್ಚು. ಅವುಗಳಲ್ಲಿ ಬಹುಪಾಲಿನ ಮೈಯಲ್ಲಿ ಹರಿಯುವುದು ಭಾರತದ ತಳಿಗಳ ರಕ್ತ. ಗುಟ್ಟು ಹುಲ್ಲು ಮತ್ತು ಲೆಕ್ಕಪುಸ್ತಕ ಎರಡರಲ್ಲೂ ಇದೆ. ಉಬೆರಾಬದ ತಳಿಗಾರರು 1938ರಲ್ಲೇ ವಂಶಾವಳಿ ದಾಖಲೆ ಆರಂಭಿಸಿದರು. ಪ್ರತಿ ಕರುವಿನ ತಾಯಿ ಯಾರು, ತಂದೆ ಯಾರು, ಹಾಲೆಷ್ಟು, ತೂಕವೆಷ್ಟು ಎಂದು ಬರೆದಿಟ್ಟರು. ಗಿರ್ ಮತ್ತು ಹೋಲ್‌ಸ್ಟೈನ್ ಬೆರೆಸಿ ಮಾಡಿದ ‘ಗಿರೊಲಾಂಡೊ’ ಆ ದೇಶದ ಹಾಲಿನ ಬಹುಭಾಗವನ್ನು ಕೊಡುತ್ತಿದೆ. 2023ರಲ್ಲಿ ‘ವಿಯಾಟಿನಾ’ ಎಂಬ ನೆಲೋರ್ ಹಸುವಿನ ಮೂರನೆಯ ಒಂದು ಪಾಲು ಹರಾಜಾದಾಗ ಇಡೀ ಹಸುವಿನ ಬೆಲೆ 40 ಲಕ್ಷ ಡಾಲರಿಗೂ ಮೇಲೆಂದು ಲೆಕ್ಕವಾಯಿತು. ಪಶುಸಂಗೋಪನೆಯಲ್ಲಿ ಸಹಕಾರಕ್ಕೆಂದು 2020ರ ಜನವರಿಯಲ್ಲಿ ಭಾರತವೇ ಬ್ರೆಜಿಲ್ ಜೊತೆ ಒಡಂಬಡಿಕೆ ಮಾಡಿಕೊಂಡಿತು.

ಪರದೇಶದ ಬಾಳು ಬರೀ ವೈಭವವೇನಲ್ಲ. ಇಲ್ಲಿ ಗಾಡಿಗೆ, ಉಳುಮೆಗೆ, ಪೂಜೆಗೆ ಬೇಕಾಗಿದ್ದ ಪ್ರಾಣಿ ಅಲ್ಲಿ ಮುಖ್ಯವಾಗಿ ಮಾಂಸದ ಸರಕಾಯಿತು. ಅದಕ್ಕೆ ಹುಲ್ಲು ಒದಗಿಸಲು ಅಮೆಜಾನಿನ ಕಾಡು ಕಡಿದದ್ದರ ಲೆಕ್ಕವೂ ಈ ಯಶಸ್ಸಿನ ಜೊತೆಗೇ ಬರೆಯಬೇಕಾದದ್ದು.

ಬ್ರೆಜಿಲ್ ಮನ್ನಣೆ ಕೊಟ್ಟ ಭಾರತದ ತಳಿಗಳ ಪಟ್ಟಿಯಲ್ಲಿ ತಮಿಳುನಾಡಿನ ಕಾಂಗೇಯಂ ಕೂಡ ಇದೆ, ಮೈಸೂರಿನ ಅಮೃತಮಹಲ್ ಇಲ್ಲ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಅಮೃತಮಹಲ್ ಹಾಲಿನ ಹಸುವಲ್ಲ, ಕೊಬ್ಬುವ ಜಾತಿಯೂ ಅಲ್ಲ. ಅದು ಓಟದ ಎತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಹೈದರಾಲಿ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ಹೋದನೆಂದು ಬ್ರಿಟಿಷರೇ ಬರೆದಿಟ್ಟರು. ಫಿರಂಗಿ ಎಳೆಯುವ ಈ ಎತ್ತುಗಳಿಗಾಗಿಯೇ ಸಂಸ್ಥಾನದಾದ್ಯಂತ ಕಾವಲುಗಳಿದ್ದವು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ದನಗಳು ವರ್ಷವಿಡೀ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. 1860ರಲ್ಲಿ ಖರ್ಚು ಉಳಿಸಲೆಂದು ಸರ್ಕಾರ ಹಿಂಡುಗಳನ್ನೇ ಮಾರಿಬಿಟ್ಟಿತು. ಸೇನೆಗೆ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ಹಿಂಡು ಕಟ್ಟಬೇಕಾಯಿತು. ಮೋಟಾರು ಬಂದ ಮೇಲೆ ಎತ್ತಿನ ಬೆಲೆ ಇಳಿಯಿತು. ಎತ್ತಿನ ಜೊತೆಗೆ ಅದರ ಹುಲ್ಲುಗಾವಲಿನ ಬೆಲೆಯೂ. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರ ಈ ತಳಿಯನ್ನು ಉಳಿಸಿಕೊಂಡು ಬಂದಿದೆ. ಕಾವಲುಗಳು ಮಾತ್ರ ಒಂದೊಂದಾಗಿ ಕೈಬಿಟ್ಟವು.

ಚಳ್ಳಕೆರೆಗೂ ದಕ್ಷಿಣ ಅಮೆರಿಕಕ್ಕೂ ಇನ್ನೊಂದು ನಂಟಿದೆ. ಎಣ್ಣೆ ಗಿರಣಿಗಳ ಊರೆಂದು, ಎರಡನೆಯ ಮುಂಬಯಿ ಎಂದು ಚಳ್ಳಕೆರೆಗೆ ಹೆಸರು ತಂದ ಕಡಲೆಕಾಯಿ ಮೂಲತಃ ಆ ಖಂಡದ ಬೆಳೆ. ಅಲ್ಲಿಂದ ಬಂದ ಕಡಲೆಕಾಯಿ ಇಲ್ಲಿನ ಕೆಂಪು ಮಣ್ಣಿಗೆ ಎಷ್ಟು ಹೊಂದಿಕೊಂಡಿತೆಂದರೆ ಅದು ಪರದೇಶದ್ದೆಂಬ ನೆನಪೇ ರೈತರಿಗಿಲ್ಲ. ಅಂತೂ ಕೊಡುಕೊಳ್ಳುವಿಕೆ ಎರಡೂ ಕಡೆ ನಡೆದಿದೆ.

ಮಳೆ ಕಡಿಮೆಯಾದ ಈ ತಾಲ್ಲೂಕಿನಲ್ಲಿ ಕಡಲೆಕಾಯಿ ಕೈಕೊಟ್ಟ ವರ್ಷ ರೈತನನ್ನು ಕಾಯುತ್ತಿದ್ದುದು ಕುರಿ ಮತ್ತು ದನ. ಅವುಗಳನ್ನು ಕಾಯುತ್ತಿದ್ದುದು ಕಾವಲಿನ ಹುಲ್ಲು. ಚಳ್ಳಕೆರೆಯ ಕಂಬಳಿಯ ಉಣ್ಣೆ ಬಂದದ್ದು ಇಂಥ ಹುಲ್ಲಿನಿಂದಲೇ. ಚಳ್ಳಕೆರೆ, ಮೊಳಕಾಲ್ಮುರು ಭಾಗದ ಮ್ಯಾಸಬೇಡರಲ್ಲಿ ‘ದೇವರ ಎತ್ತು’ಗಳ ಹಿಂಡುಗಳಿವೆ. ದೇವರ ಹೆಸರಿನಲ್ಲಿ ಬಿಟ್ಟ ಆ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳ ಹಿಂದೆ ಹಗಲಿರುಳು ಇರುವವನು ಕಿಲಾರಿ. ಆತನಿಗೂ ಬೇಕಾದದ್ದು ಬಯಲೇ.

2009ರ ಆಸುಪಾಸಿನಲ್ಲಿ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಎಂಟು ಸಾವಿರ ಎಕರೆಗೂ ಹೆಚ್ಚು ನೆಲ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕಿದ್ದು 1,500 ಎಕರೆ. ಅಲ್ಲಿನ ಕೇಂದ್ರದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಬಾಹ್ಯಾಕಾಶ ವಾಹನ ತಾನಾಗಿಯೇ ಇಳಿದದ್ದು ಅಲ್ಲಿನ ಓಡುದಾರಿಯ ಮೇಲೆ. ಇವೆಲ್ಲ ದೇಶಕ್ಕೆ ಬೇಕಾದ ಕೆಲಸಗಳೇ. ಆದರೆ ಕಡತಗಳು ‘ಬಂಜರು’ ಎಂಬಂತೆ ಕಂಡ ನೆಲ ಬಂಜರಾಗಿರಲಿಲ್ಲ. ಸಾವಿರಾರು ಕುರಿಗಳ, ದನಗಳ ಉಣ್ಣುವ ತಟ್ಟೆ ಅದು. ಕೃಷ್ಣಮೃಗ ಹಾಗೂ ಹುಲ್ಲುಗಾವಲಿನ ಹಕ್ಕಿಗಳ ಮನೆಯೂ ಹೌದು. ಗೋಡೆಗಳೆದ್ದಾಗ ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2014ರ ಆಗಸ್ಟ್‌ನಲ್ಲಿ ಮಂಡಳಿ ಯೋಜನೆಗಳನ್ನು ರದ್ದು ಮಾಡದೆ ಷರತ್ತುಗಳನ್ನು ವಿಧಿಸಿತು.

ಉಬೆರಾಬದವರಿಗೆ ಒಂದು ಗೂಳಿಗಾಗಿ ಸಮುದ್ರ ದಾಟುವ ಹಂಬಲವಿತ್ತು. ಬಂದ ಗೂಳಿಗೆ ಬಯಲೂ ಇತ್ತು, ಹೆಸರು ಬರೆದಿಡುವ ಪುಸ್ತಕವೂ ಇತ್ತು. ಇಲ್ಲಿ ಮನೆಯಲ್ಲೇ ಉಳಿದ ದನಕ್ಕೆ ಇದ್ದದ್ದು ಬಯಲೊಂದೇ. ಕುದಾಪುರದ ಸುತ್ತಿನ ಹಳ್ಳಿಗಳಲ್ಲಿ ಈಗ ಕುರಿಗಾಹಿಗಳು ಗೋಡೆಯ ಬದಿಯಲ್ಲಿ ಸುತ್ತು ಹಾಕಿ ಹಿಂಡು ಹೊಡೆದುಕೊಂಡು ಹೋಗಬೇಕು. ಬರಗಾಲ ಬಂದ ವರ್ಷ ದೇವರ ಎತ್ತುಗಳಿಗಾಗಿ ಮೇವು ಕೊಡಿ, ಗೋಶಾಲೆ ತೆರೆಯಿರಿ ಎಂದು ಕಿಲಾರಿಗಳು ತಾಲ್ಲೂಕು ಕಚೇರಿಯ ಮುಂದೆ ನಿಲ್ಲುತ್ತಾರೆ.