ಲೇಸರ್ ಕತ್ತರಿಕೆಯ ಮರದ ರಣಭೂಮಿ ಕಿಟ್

ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಆಡುವ ಯುದ್ಧದಾಟಕ್ಕೆ ಬೇಕಾದ ಮನೆ, ಬೇಲಿ, ಸೇತುವೆ, ಕೋಟೆಗೋಡೆ ಮೊದಲಾದವನ್ನು ತೆಳು ಹಲಗೆಯ ಬಿಡಿಭಾಗಗಳಾಗಿ ಕತ್ತರಿಸಿ ಕೊಡುವ ಕಿಟ್ ಇದು. ಕೊಂಡವರು ಭಾಗಗಳನ್ನು ಹಾಳೆಯಿಂದ ಬಿಡಿಸಿ, ಅಂಟು ಹಾಕಿ ನಿಲ್ಲಿಸಿ, ಬಣ್ಣ ಬಳಿದು ಆಟಕ್ಕೆ ಅಣಿಮಾಡಿಕೊಳ್ಳಬೇಕು. ಆಡುವವರ ಬಾಯಲ್ಲಿ ಇದು ಬರೀ ‘ಟೆರೇನ್’. ಇದನ್ನು ಅಲಂಕಾರ ಎಂದುಕೊಳ್ಳಬಾರದು. ಗೋಡೆಯ ಮರೆಯಲ್ಲಿ ನಿಂತ ಸೈನಿಕನಿಗೆ ಗುಂಡು ತಗಲುವ ಸಂಭವ ಕಡಿಮೆ, ಕೆಸರು ಗದ್ದೆಗೆ ಇಳಿದ ತುಕಡಿಯ ನಡಿಗೆ ನಿಧಾನ, ಮಾಳಿಗೆ ಹತ್ತಿದವನಿಗೆ ದೂರದ ನೋಟ ಎಂಬಂಥ ನಿಯಮಗಳೆಲ್ಲ ಈ ತುಂಡುಗಳ ಮೇಲೆಯೇ ನಿಂತಿವೆ. ಖಾಲಿ ಮೇಜಿನ ಮೇಲೆ ಆಡಿದರೆ ಎರಡು ಸಾಲು ಎದುರುಬದುರು ನಿಂತು ದಾಳ ಉರುಳಿಸುವುದಷ್ಟೇ ಉಳಿಯುತ್ತದೆ.

ಹಿನ್ನೆಲೆ

ಯುದ್ಧದಾಟದ ನೆಲವನ್ನು ತುಂಡುತುಂಡಾಗಿ ಜೋಡಿಸುವ ಕಲ್ಪನೆ ಲೇಸರ್‌ಗಿಂತ ಬಹಳ ಹಳೆಯದು. ಪ್ರಷ್ಯಾದ ರೈಸ್ವಿಟ್ಸ್ 1812ರಲ್ಲಿ ಅಲ್ಲಿನ ದೊರೆಗೆ ಒಪ್ಪಿಸಿದ ಆಟದ ಮೇಜಿನಲ್ಲಿ ನದಿ, ದಾರಿ, ಗುಡ್ಡಗಳ ಬಿಲ್ಲೆಗಳನ್ನು ಬೇಕಾದ ಹಾಗೆ ಬದಲಿಸಿ ಕೂರಿಸಬಹುದಿತ್ತು. ಅವನ ಮಗ 1824ರಲ್ಲಿ ನಕ್ಷೆಯ ಮೇಲೆ ಆಡುವಂತೆ ನಿಯಮಗಳನ್ನು ತಿದ್ದಿದ ಮೇಲೆ ಅದು ಸೇನಾಧಿಕಾರಿಗಳ ತರಬೇತಿಗೆ ಹೋಯಿತು. ಮನೆಮಂದಿಯ ಆಟವಾಗಿ ಇದನ್ನು ಬೆಳೆಸಿದವರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಮುಖ್ಯ. 1913ರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಆತ ಮರದ ಇಟ್ಟಿಗೆ, ಹಲಗೆ, ಗಿಡದ ರೆಂಬೆಗಳಿಂದ ಊರು ಕಟ್ಟುವುದನ್ನು ವಿವರಿಸಿದ್ದಾನೆ. 1983ರ ‘ವಾರ್‌ಹ್ಯಾಮರ್’ ಮತ್ತು 1987ರ ‘ವಾರ್‌ಹ್ಯಾಮರ್ 40,000’ ಬಂದ ಮೇಲೆ ಆಡುವವರ ಸಂಖ್ಯೆ ಹೆಚ್ಚಿತು. ಆದರೂ ಹೆಚ್ಚಿನವರು ಮನೆಗಳನ್ನು ಬಹುಕಾಲ ರಟ್ಟು, ಥರ್ಮಾಕೋಲಿನಲ್ಲಿ ಕೈಯಿಂದಲೇ ಮಾಡುತ್ತಿದ್ದರು.

ಅದನ್ನು ಬದಲಿಸಿದ್ದು ಇಂಗಾಲದ ಡೈಆಕ್ಸೈಡ್ ಲೇಸರ್. ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದರು. ಇದರ 10.6 ಮೈಕ್ರೋಮೀಟರ್ ಅಲೆಯುದ್ದದ ಕಿರಣವನ್ನು ಮರ ಚೆನ್ನಾಗಿ ಹೀರಿಕೊಳ್ಳುವುದರಿಂದ ಕಿರಣ ಬಿದ್ದ ಗೆರೆಯಲ್ಲಿ ಮರ ಉರಿದು ಆವಿಯಾಗುತ್ತದೆ. ಯಂತ್ರದ ಬೆಲೆ ಇಳಿದ ಮೇಲೆ ಬ್ರಿಟನ್ನಿನಲ್ಲಿ ಸರಿಸ್ಸ ಪ್ರಿಸಿಷನ್, ವಾರ್‌ಬೇಸಸ್, ಟಿಟಿಕಾಂಬ್ಯಾಟ್ ಮೊದಲಾದ ತಯಾರಕರು ಹುಟ್ಟಿಕೊಂಡರು.

ಹಲಗೆ ಮತ್ತು ಯಂತ್ರ

ಹೆಚ್ಚಿನ ಕಿಟ್‌ಗಳು 2 ಅಥವಾ 3 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆಯವು. ಮರದ ನಾರನ್ನು ರಾಳದೊಂದಿಗೆ ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ಈ ಹಲಗೆಗೆ ಗಂಟಿಲ್ಲ, ಎಳೆಯ ದಿಕ್ಕಿಲ್ಲ. ಕಿರಣ ಎಲ್ಲೆಡೆ ಒಂದೇ ಸಮ ಕೊರೆಯುತ್ತದೆ. ಪ್ಲೈವುಡ್ಡಿನ ಪದರಗಳ ನಡುವಿನ ಅಂಟಿನಲ್ಲಿ ಮತ್ತು ಗಂಟುಗಳಲ್ಲಿ ಕಿರಣ ತಡೆದು ಕೆಲವು ಭಾಗ ಬಿಡಿಸಿ ಬರುವುದಿಲ್ಲ. ಇಟ್ಟಿಗೆಯ ಸಾಲು, ಬಾಗಿಲಿನ ಹಲಗೆ, ಹೆಂಚಿನ ಗೆರೆಗಳನ್ನು ಯಂತ್ರ ಕಡಿಮೆ ಶಕ್ತಿಯಲ್ಲಿ ಮೇಲುಮೇಲಕ್ಕೆ ಸುಟ್ಟು ಮೂಡಿಸುತ್ತದೆ.

ಸ್ವಂತಕ್ಕೆ ಕಿಟ್ ಮಾಡಿಸುವವರಿಗೆ ದೂರ ಹೋಗಬೇಕಾದ ಪ್ರಮೇಯವಿಲ್ಲ. ಊರೂರಿನ ನಾಮಫಲಕ, ಅಕ್ರಿಲಿಕ್ ಅಕ್ಷರ ಮಾಡುವ ಅಂಗಡಿಗಳಲ್ಲಿರುವುದು ಇದೇ ಯಂತ್ರ. ಕೋರಲ್‌ಡ್ರಾದಲ್ಲಿ ಗೆರೆ ಎಳೆದು ಕೊಟ್ಟರೆ ಸಾಕು. ತಿಳಿದಿರಬೇಕಾದ್ದು ಎರಡು ಸಂಗತಿ. ಕಿರಣ ಹಾದ ದಾರಿಯಲ್ಲಿ 0.1ರಿಂದ 0.2 ಮಿಲಿಮೀಟರ್‌ನಷ್ಟು ಮರ ಉರಿದು ಹೋಗುತ್ತದೆ. ಹಾಗಾಗಿ 3 ಮಿಲಿಮೀಟರ್ ಹಲಗೆ ಬಿಗಿಯಾಗಿ ಕೂರಬೇಕಾದ ಕಂಡಿಯನ್ನು 2.85ಕ್ಕೆ ಬರೆಯಬೇಕು; 3 ಎಂದೇ ಬರೆದರೆ ಜೋಡಣೆ ಗಡಗಡ ಅಲ್ಲಾಡುತ್ತದೆ. ಜೊತೆಗೆ 3 ಎಂದು ಮಾರುವ ಹಲಗೆ ನಿಜವಾಗಿ 2.7 ಇರಬಹುದು, 3.2 ಇರಬಹುದು. ವರ್ನಿಯರ್‌ನಲ್ಲಿ ಅಳೆದು, ಒಂದು ಚೂರು ಕತ್ತರಿಸಿ ನೋಡದೆ ಇಡೀ ಮನೆ ಕತ್ತರಿಸಲು ಹೇಳಿದರೆ ಹಲಗೆ ದಂಡ. ಪಿವಿಸಿ ಹಾಳೆಯನ್ನಂತೂ ಈ ಯಂತ್ರದಲ್ಲಿ ಇಡಲೇಬಾರದು. ಅದರಿಂದ ಹೊರಡುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಮನುಷ್ಯರ ಶ್ವಾಸಕೋಶಕ್ಕೂ ಯಂತ್ರದ ಲೋಹಕ್ಕೂ ಕೇಡು.

ಜೋಡಣೆ

ಭಾಗಗಳು ಹಾಳೆಯಲ್ಲಿ ಅಲ್ಲಲ್ಲಿ ಸಣ್ಣ ಸೇತುವೆಯಂಥ ತುಣುಕುಗಳಿಂದ ಹಿಡಿದುಕೊಂಡಿರುತ್ತವೆ. ಬೆರಳಿನಿಂದ ಒತ್ತಿ ಕೀಳುವ ಆಸೆಯಾಗುವುದು ಸಹಜ, ಆದರೆ ಹಾಗೆ ಕಿತ್ತರೆ ಮೇಲ್ಪದರ ಸಿಬಿರೇಳುತ್ತದೆ. ಹಾಳೆಯನ್ನು ಮಗುಚಿ ಹಿಂಬದಿಯಿಂದ ಚೂಪು ಬ್ಲೇಡಿನಲ್ಲಿ ಸೇತುವೆಗಳನ್ನು ಕಡಿದು, ಅಂಚನ್ನು ಪಾಲಿಷ್ ಪೇಪರಿನಲ್ಲಿ ಉಜ್ಜಬೇಕು. ಎಂಡಿಎಫ್ ಧೂಳು ನವಿರು, ರಾಳ ಬೆರೆತದ್ದು. ಮುಖಗವಸು ಕಟ್ಟಿಕೊಂಡು, ಸಾಧ್ಯವಾದರೆ ಜಗಲಿಯಲ್ಲಿ ಕುಳಿತು ಉಜ್ಜುವುದು ಒಳ್ಳೆಯದು.

ಅಂಟಿನ ಬಾಟಲಿ ತೆರೆಯುವ ಮೊದಲು ಇಡೀ ಕಟ್ಟಡವನ್ನು ಒಮ್ಮೆ ಒಣದಾಗಿಯೇ ಜೋಡಿಸಿ ನೋಡಬೇಕು. ಅಂಚಿನಿಂದ ಚಾಚಿದ ಯಾವ ನಾಲಗೆ ಯಾವ ಕಂಡಿಗೆ, ಯಾವ ಗೋಡೆ ಮೊದಲು, ಯಾವುದು ಕೊನೆಗೆ ಎಂಬುದು ಆಗ ಕೈಗೆ ತಿಳಿಯುತ್ತದೆ. ಕಿಟ್‌ನೊಂದಿಗೆ ಬರುವ ಚಿತ್ರಗಳು ಎಷ್ಟೋ ಸಲ ಇದನ್ನು ಸರಿಯಾಗಿ ಹೇಳುವುದಿಲ್ಲ. ಒಳಗೋಡೆಗೆ ಬಣ್ಣ ಬೇಕಿದ್ದರೆ ಮುಚ್ಚುವ ಮುಂಚೆಯೇ ಬಳಿಯಬೇಕು, ಆಮೇಲೆ ಬ್ರಶ್ ಹೋಗುವುದಿಲ್ಲ. ಅಂಟು ಕೂರುವ ಜಾಗಕ್ಕೆ ಮಾತ್ರ ಬಣ್ಣ ತಾಗಬಾರದು.

ಅಂಟಿಗೆ ಬಡಗಿಗಳು ಬಳಸುವ ಬಿಳಿ ಫೆವಿಕಾಲೇ ಸರಿ. ಎಂಡಿಎಫ್‌ನ ಅಂಚು ಅದನ್ನು ಹೀರಿಕೊಂಡು ಗಟ್ಟಿ ಹಿಡಿಯುತ್ತದೆ; ಒಣಗಲು ಹೊತ್ತು ಬೇಕಾಗುವುದರಿಂದ ಗೋಡೆಯನ್ನು ನೇರ ಮಾಡಲು ಅವಕಾಶವೂ ಸಿಗುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟು ಕಿಟಕಿಯ ಚೌಕಟ್ಟು, ಮೆಟ್ಟಿಲಿನ ಹಿಡಿಕಂಬಿಯಂಥ ಪುಡಿಭಾಗಕ್ಕೆ ಸಾಕು. ಗೋಡೆಗೆ ಬಳಸಿದರೆ ಪೆಟ್ಟು ತಾಗಿದಾಗ ಪಟ್ಟನೆ ಬಿಡುತ್ತದೆ. ನಾಲ್ಕು ಗೋಡೆಗೂ ರಬ್ಬರ್ ಬ್ಯಾಂಡ್ ಸುತ್ತಿ, ಮೂಲೆಯಲ್ಲಿ ಮೂಲೆಮಟ್ಟ ಹಿಡಿದು ನೋಡಿ, ಸಪಾಟು ಜಾಗದಲ್ಲಿ ರಾತ್ರಿಯಿಡೀ ಬಿಡಬೇಕು. ಮೂಲೆ ಒಂದು ಕೂದಲೆಳೆಯಷ್ಟು ತಪ್ಪಿದರೂ ಮಾಡು ಕೂರುವಾಗ ಅದು ಎದ್ದು ಕಾಣುತ್ತದೆ. ಮಾಡಿಗೆ ಅಂಟು ಹಾಕುವ ವಾಡಿಕೆ ಇಲ್ಲ. ಅದನ್ನು ಎತ್ತಿ ಸೈನಿಕರನ್ನು ಒಳಗಿಡಬೇಕಲ್ಲ.

ಲೇಸರ್ ಕಿಟ್‌ನ ದೊಡ್ಡ ಕುಂದು ಮೂಲೆಗಳಲ್ಲಿ ಕಾಣುವ ನಾಲಗೆಯ ತುದಿಗಳು. ಸುಟ್ಟು ಕಂದಾದ ಆ ಚೌಕಗಳನ್ನು ಹಾಗೇ ಬಿಟ್ಟರೆ ಎಂಥ ಮನೆಯೂ ಬೆಂಕಿಪೊಟ್ಟಣದ ಹಾಗೆ ಕಾಣುತ್ತದೆ. ಮರದ ಪುಟ್ಟಿ ತುಂಬಿ ಉಜ್ಜುವುದು, ಇಲ್ಲವೆ ಮೂಲೆಗೆ ತೆಳು ರಟ್ಟಿನ ಪಟ್ಟಿ ಅಂಟಿಸುವುದು ಇದಕ್ಕಿರುವ ಮದ್ದು. ಇಷ್ಟು ಕೆಲಸ ಮಾಡಿದವನ ಮನೆಗೂ ಮಾಡದವನ ಮನೆಗೂ ಇರುವ ವ್ಯತ್ಯಾಸ ಯಂತ್ರದ ಬೆಲೆಯಿಂದ ಬರುವಂಥದ್ದಲ್ಲ.

ಕರಾವಳಿಯ ಮನೆ, ಮೇಜಿನ ಅಳತೆಯಲ್ಲಿ

ತಯಾರಕರ ಪಟ್ಟಿಗಳಲ್ಲಿ ಯುರೋಪಿನ ಹಳ್ಳಿಮನೆ, ಬಾಂಬಿಗೆ ಕುಸಿದ ನಗರ, ಅಮೆರಿಕದ ಪಶ್ಚಿಮದ ಮರದಂಗಡಿಗಳದೇ ಮೇಲುಗೈ. ಆದರೆ ಮೇಜಿನ ಮೇಲೆ ತರಬಹುದಾದ ಯುದ್ಧಗಳು ನಮ್ಮ ಕರಾವಳಿಯಲ್ಲೇ ನಡೆದಿವೆ. 1783ರ ಆರಂಭದಲ್ಲಿ ಇಂಗ್ಲಿಷ್ ಕಂಪನಿಯ ಸೇನಾನಿ ಮ್ಯಾಥ್ಯೂಸ್ ಕುಂದಾಪುರವನ್ನು ಹಿಡಿದು ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ ನುಗ್ಗಿದ. ಅದೇ ವರ್ಷ ಮೇ ತಿಂಗಳಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಹಾಕಿದ ಮುತ್ತಿಗೆ 1784ರ ಜನವರಿಯವರೆಗೆ ಎಳೆಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಈ ದಂಡಯಾತ್ರೆಗೆ ನಾರ್ಮಂಡಿಯ ತೋಟದಮನೆ ಇಟ್ಟು ಆಡುವುದು ಸರಿಯೆನಿಸುವುದಿಲ್ಲ.

ಕರಾವಳಿಯ ಮನೆಯನ್ನು ಬರೆದು ಕತ್ತರಿಸಲು ಹೊರಟವರಿಗೆ ಮಾಡಿನಿಂದಲೇ ಪ್ರಶ್ನೆ ಏಳುತ್ತದೆ. ಕೈಗೆ ಮೊದಲು ಬರುವುದು ಮಂಗಳೂರು ಹೆಂಚು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಟಿಪ್ಪುವಿನ ಕಾಲದ ಮನೆಗೆ ಅದನ್ನು ಹೊದಿಸಿದರೆ ಎಂಬತ್ತು ವರ್ಷದ ತಪ್ಪಾಗುತ್ತದೆ. ಅಂದಿನ ಸಾಮಾನ್ಯರ ಮನೆಗೆ ಮುಳಿಹುಲ್ಲು ಅಥವಾ ಹೆಣೆದ ಮಡಲು ಸರಿ. ಮೇಜಿನ ಮೇಲೆ ಹುಲ್ಲುಮಾಡಿಗೆ ಹಳೆಯ ಟರ್ಕಿ ಟವೆಲನ್ನು ತೆಳು ಮಾಡಿದ ಅಂಟಿನಲ್ಲಿ ಅದ್ದಿ ಹೊದಿಸುತ್ತಾರೆ. ಹೆಂಚಿನ ಕಾಲದ ಮನೆಯೇ ಬೇಕಾದರೆ ಲೆಕ್ಕ ಸುಲಭ. 28 ಮಿಲಿಮೀಟರ್ ಸೈನಿಕರಿಗೆ ಹೊಂದುವ ಅಳತೆ ಸುಮಾರು 1:56, ಹಾಗಾಗಿ ಹದಿನಾರು ಅಂಗುಲದ ಹೆಂಚು ಏಳು ಮಿಲಿಮೀಟರ್‌ಗೆ ಇಳಿಯುತ್ತದೆ.

ಗೋಡೆಯದ್ದು ಬೇರೆ ಸಮಸ್ಯೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಅಥವಾ ಮುರಕಲ್ಲಿನ ಗೋಡೆ ಈ ಅಳತೆಯಲ್ಲಿ ಎಂಟು ಮಿಲಿಮೀಟರ್. ಮೂರು ಮಿಲಿಮೀಟರ್ ಹಲಗೆ ಕಿಟಕಿಯ ಬಳಿ ತೆಳುವಾಗಿ ಕಂಡು ಗುಟ್ಟು ಬಿಟ್ಟುಕೊಡುತ್ತದೆ. ಎರಡು ಹಲಗೆಗಳ ನಡುವೆ ಪಟ್ಟಿ ಕೊಟ್ಟು ಜೋಡಿ ಗೋಡೆ ಮಾಡಿದರೆ ಸರಿಹೋಗುತ್ತದೆ. ಹಳೆಯ ಮನೆಗಳ ತಲೆತಗ್ಗಿಸಿ ದಾಟಬೇಕಾದ ಬಾಗಿಲನ್ನು ಮಾತ್ರ ಯಥಾವತ್ತಾಗಿ ಮಾಡಲಾಗದು. ಸೈನಿಕನ ಕಾಲಡಿ ಬಿಲ್ಲೆ ಇರುತ್ತದೆ, ತಗ್ಗಲು ಅವನಿಗೆ ಬರುವುದಿಲ್ಲ, ಬಾಗಿಲನ್ನೇ ಎತ್ತರಿಸಬೇಕು.

ಅಳತೆ, ಮರಗೆಲಸ ಎರಡನ್ನೂ ಕಣ್ಣಾರೆ ನೋಡಲು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗಿಂತ ಒಳ್ಳೆಯ ಜಾಗ ಕರಾವಳಿಯಲ್ಲಿಲ್ಲ. ವಿಜಯನಾಥ ಶೆಣೈ ಅವರು ಕಾಪು ಸೀಮೆಯ ಕುಂಜೂರು ಚೌಕಿಮನೆ, ಕಾರ್ಕಳ ಬಳಿಯ ಮಿಯಾರು ಮನೆ ಮುಂತಾದವನ್ನು ಮೂಲ ಜಾಗದಲ್ಲಿ ಬಿಚ್ಚಿಸಿ, ತುಂಡುಗಳನ್ನು ತಂದು, ಇಲ್ಲಿ ಮರಳಿ ಎಬ್ಬಿಸಿದರು. ಕಚ್ಚು ಕೊರೆದು ನಾಲಗೆ ಕೂರಿಸಿದ ಮರಗೆಲಸವಾದ್ದರಿಂದಲೇ ಬಿಚ್ಚಿ ಜೋಡಿಸುವುದು ಸಾಧ್ಯವಾಯಿತು. ಕಿಟ್‌ನ ಜೋಡಣೆಯ ತತ್ವವೂ ಅದೇ.

1901ರ ಕಾಪು ದೀಪಸ್ತಂಭವೂ ಒಳ್ಳೆಯ ಮಾದರಿಯಾಗುತ್ತದೆ. ಸುಮಾರು 27 ಮೀಟರ್ ಎತ್ತರದ ಗೋಪುರ 1:56ರಲ್ಲಿ 48 ಸೆಂಟಿಮೀಟರ್. ದುಂಡು ಆಕಾರಕ್ಕೆ ಹಲಗೆಯಲ್ಲಿ ಒತ್ತೊತ್ತಾಗಿ ಸೀಳುಗಳನ್ನು ಕೊರೆದು ಬಾಗಿಸುವ ಉಪಾಯವಿದೆ. ಉಂಗುರಗಳನ್ನು ಒಂದರ ಮೇಲೊಂದು ಪೇರಿಸುವುದು ಅದಕ್ಕಿಂತ ಗಟ್ಟಿ. ಪೊದೆಗೂ ಪೈರಿನ ಗದ್ದೆಗೂ ವಿದೇಶದ ಆಟಗಾರರು ತೆಂಗಿನ ನಾರಿನ ಕಾಲೊರಸು ಹುಡುಕಿ ಕೊಂಡು ಕತ್ತರಿಸುತ್ತಾರೆ. ನಮಗೆ ಆ ತೊಂದರೆ ಇಲ್ಲ.

ಮಳೆಗಾಲದ ಎಚ್ಚರ

ಎಂಡಿಎಫ್‌ಗೆ ನೀರು ಶತ್ರು. ನೀರು ಕುಡಿದ ಅಂಚು ಉಬ್ಬಿದರೆ ಮತ್ತೆ ಹಳೆಯ ದಪ್ಪಕ್ಕೆ ಇಳಿಯುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ, ಇನ್ನಂಜೆಯಂಥ ಕಡಲ ಹತ್ತಿರದ ಊರುಗಳಲ್ಲಿ, ಈ ಹವ್ಯಾಸದ ನಿಜವಾದ ಪರೀಕ್ಷೆ ಇದೇ. ನೀರಿನ ಬಣ್ಣ ಬಳಿಯುವ ಮೊದಲು ಎಲ್ಲ ಅಂಚುಗಳಿಗೂ ಸ್ಯಾಂಡಿಂಗ್ ಸೀಲರ್ ಅಥವಾ ಅರಗಿನ ಪಾಲಿಷ್ ಕೊಡಬೇಕು. ಅಗಲವಾದ ಹಲಗೆಗೆ ಒಂದೇ ಬದಿ ಬಣ್ಣ ಹಚ್ಚಿದರೆ ಅದು ಬಾಗುತ್ತದೆ. ಕಾಣದ ಬದಿಗೂ ಒಂದು ಕೈ ಬಳಿಯುವುದು ಕಡ್ಡಾಯ. ಮುಗಿದ ಮನೆಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಇಟ್ಟರೆ ಬೂಷ್ಟೂ ಗೆದ್ದಲೂ ದೂರ. ಮಳೆ ಜೋರಾಗಿರುವ ತುಳುವರ ಆಟಿ ತಿಂಗಳಲ್ಲಿ ಅಂಟು ಒಣಗುವುದು ನಿಧಾನ, ಬಣ್ಣ ಒಣಗುವುದು ಇನ್ನೂ ನಿಧಾನ. ಕತ್ತರಿಸುವ, ಜೋಡಿಸುವ, ಬಣ್ಣ ಬಳಿಯುವ ಕೆಲಸವನ್ನು ದೀಪಾವಳಿಯಿಂದ ಏಪ್ರಿಲ್‌ನ ಬಿಸು ಹಬ್ಬದೊಳಗೆ ಮುಗಿಸಿಕೊಂಡು, ಮಳೆಗಾಲವನ್ನು ಆಡಲು ಇಟ್ಟುಕೊಳ್ಳುವುದು ಲೇಸು.